ಮುಖ ಬೇಡ, ಬೆನ್ನು ಸಾಕು

ಮಳೆಗಾಲ ಕಳೆದು ಸಮುದ್ರ ತಿಳಿಯಾಗಿತ್ತು. ದಡದಲ್ಲಿ ದೋಣಿಗೆ ಬಣ್ಣ ಬಳಿಯುವವರು, ಹರಿದ ಬಲೆ ಸರಿಮಾಡುವವರು ಬೆಳಿಗ್ಗೆಯೇ ಕೆಲಸಕ್ಕೆ ಕೂತಿದ್ದರು. ಅವರ ನಡುವೆ ಕ್ಯಾಮೆರಾ ಚೀಲವನ್ನು ಕೂಸಿನಂತೆ ಎದೆಗವಚಿಕೊಂಡು ನಿಂತಿದ್ದವನು ಸ್ಮೈಲಣ್ಣ. ಸ್ಟುಡಿಯೋದಲ್ಲಿ ಬಂದವರಿಗೆಲ್ಲ "ಸ್ವಲ್ಪ ಸ್ಮೈಲ್, ಇನ್ನೂ ಸ್ವಲ್ಪ" ಎಂದು ಹೇಳಿ ಹೇಳಿ ಅವನಿಗೆ ಆ ಹೆಸರೇ ನಿಂತುಬಿಟ್ಟಿತ್ತು.

ಈಗೀಗ ನಗಿಸಲು ಗಿರಾಕಿಗಳೇ ಇರಲಿಲ್ಲ. ಎಲ್ಲರ ಜೇಬಿನಲ್ಲೂ ಫೋನು. ಪಕ್ಕದಂಗಡಿಯ ಟೈಲರ್ ಇನ್ನೆರಡು ಹೊಲಿಗೆ ಯಂತ್ರ ಹಾಕುವುದಕ್ಕೆ ಈ ಸ್ಟುಡಿಯೋ ಜಾಗದ ಮೇಲೆ ಕಣ್ಣಿಟ್ಟು ಕೂತಿದ್ದ. ಅಂಥ ಹೊತ್ತಿನಲ್ಲಿ ಬಂದವರು ಡಾಲ್ಫಿನ್ ಮೇಡಂ. ಡಾಲ್ಫಿನ್‌ಗಳ ಮೇಲೆ ಸಂಶೋಧನೆ ಮಾಡುವ ಅವರ ಫೋಟೋಗ್ರಾಫರ್ ಬಚ್ಚಲಲ್ಲಿ ಜಾರಿ ಕೈ ಮುರಿದುಕೊಂಡಿದ್ದನಂತೆ.

"ಇವತ್ತಿನ ಫೋಟೋ ಸರಿಯಾಗಿ ಬಂದರೆ ಈ ಸೀಸನ್ ಪೂರ್ತಿ ಕೆಲಸ ನಿಮ್ಮದೇ" ಎಂದಿದ್ದರು ಮೇಡಂ.

"ರೀ, ಇದೊಂದನ್ನ ಕೆಡಿಸಬೇಡಿ" ಎಂದಿದ್ದಳು ಹೆಂಡತಿ. "ಕೆಡಿಸಿದ್ರೆ ನಾನೇ ಬೀಗದ ಕೈನ ಟೈಲರ್ ಅಣ್ಣನ ಕೈಗೆ ಕೊಟ್ಟುಬಿಡ್ತೀನಿ."

ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಗದಿದ್ದರೆ ಹೊಟ್ಟೆ ತೊಳಸುವ ಮನುಷ್ಯ ತಾನು ಎಂಬುದನ್ನು ಸ್ಮೈಲಣ್ಣ ಯಾರಿಗೂ ಹೇಳಿರಲಿಲ್ಲ.

ದೋಣಿ ದಡ ಬಿಟ್ಟು ಸ್ವಲ್ಪ ಹೊತ್ತಿಗೇ ಅವನ ಹೊಟ್ಟೆ ಒಂದು ಕಡೆ, ಸಮುದ್ರ ಒಂದು ಕಡೆ ಹೊರಳತೊಡಗಿದವು. "ಬಂತು, ಬಂತು! ಎಡಗಡೆ!" ಎಂದು ದೋಣಿಯವನು ಕೂಗಿದ. ಸ್ಮೈಲಣ್ಣ ಎಡಕ್ಕೆ ತಿರುಗಿ, ಒಂದು ಕಣ್ಣು ಮುಚ್ಚಿ, ಅಭ್ಯಾಸಬಲದಿಂದ "ರೆಡೀ..." ಎಂದ. ನೀರಿನ ಮೇಲೆ ಬಳೆಯಂಥ ಅಲೆ ಮಾತ್ರ ಉಳಿದಿತ್ತು.

"ಅದಕ್ಕೆ ರೆಡಿ ಅಂತ ಯಾಕೆ ಹೇಳ್ತೀರಿ ಸ್ವಾಮಿ? ಅದೇನು ತಲೆ ಬಾಚ್ಕೊಂಡು ಬರುತ್ತಾ?" ಎಂದ ದೋಣಿಯವನು.

"ಮುಖ ಸರಿಯಾಗಿ ತೋರಿಸ್ತಾನೇ ಇಲ್ಲವಲ್ಲಯ್ಯಾ."

"ಮುಖ ಬೇಡ" ಎಂದರು ಮೇಡಂ. "ಬೆನ್ನಿನ ಮೇಲಿನ ರೆಕ್ಕೆ ಸ್ಪಷ್ಟವಾಗಿ ಬಂದರೆ ಸಾಕು."

ಸ್ಮೈಲಣ್ಣನಿಗೆ ಕಸಿವಿಸಿಯಾಯಿತು. ಒಂದು ಕಿವಿ ಮರೆಯಾದರೂ ಪಾಸ್‌ಪೋರ್ಟ್ ಫೋಟೋ ವಾಪಸು ಬರುವ ಕಸುಬು ಅವನದು. ಬರೀ ಬೆನ್ನು ತೆಗೆದು ಕಾಸು ಪಡೆಯುವುದು ಹೇಗೆ? ಬೆನ್ನೇ ಯಾಕೆ ಬೇಕು ಎಂಬುದನ್ನು ಮೇಡಂ ತಾಳ್ಮೆಯಿಂದ, ವಿವರವಾಗಿ ತಿಳಿಸಿದರು. ಆದರೆ ಆ ಹೊತ್ತಿಗೆ ಸ್ಮೈಲಣ್ಣನ ತಲೆ ದೋಣಿಯ ಅಂಚಿನಾಚೆ ತೂಗುತ್ತಿತ್ತು. ಬೆಳಗಿನ ಕಾಫಿಯಿಂದ ಹಿಡಿದು ಹಿಂದಿನ ದಿನದ ಊಟದವರೆಗೆ ಎಲ್ಲದರ ಲೆಕ್ಕ ಒಪ್ಪಿಸುತ್ತಿದ್ದ ಅವನಿಗೆ ಒಂದು ಮಾತೂ ಕೇಳಿಸಲಿಲ್ಲ. ಅದೇ ಗಳಿಗೆಯಲ್ಲಿ ಇನ್ನೊಂದು ಪಕ್ಕದಲ್ಲಿ ಗುಡ್ಡದಂಥದ್ದೊಂದು ಎದ್ದು, ಬುಸ್ಸೆಂದು ಉಸಿರು ಚಿಮ್ಮಿಸಿ ಮುಳುಗಿತು.

"ಏನದು?" ಎಂದು ಬಾಯಿ ಒರೆಸಿಕೊಳ್ಳುತ್ತ ತಲೆಯೆತ್ತಿದ.

"ತಿಮಿಂಗಿಲ. ಬಂತು, ನಿಮ್ಮ ಅವಸ್ಥೆ ನೋಡ್ತು, ಯಾಕೋ ಬೇಡ ಅಂತ ಹೋಯ್ತು" ಎಂದ ದೋಣಿಯವನು.

ಕೊನೆಗೆ ಹೆಂಡತಿಯ ಮಾತು ನೆನಪಾಗಿ ಸ್ಮೈಲಣ್ಣ ಹಲ್ಲು ಕಚ್ಚಿ ಎದ್ದು ನಿಂತ. ಬೀಳದಿರಲೆಂದು ದೋಣಿಯವನು ಅವನ ಬೆಲ್ಟು ಹಿಡಿದುಕೊಂಡ. ಒಂದು ದೊಡ್ಡ ಹಿಂಡೇ ಬಂತು. ರೆಡಿ ಎನ್ನದೆ, ಸ್ಮೈಲ್ ಎನ್ನದೆ, ಕೈ ಸೋಲುವ ತನಕ ಬಟನ್ ಒತ್ತಿದ. ಕ್ಯಾಮೆರಾದ ಪರದೆ ನೋಡಿದ ಮೇಡಂ, "ಎಷ್ಟು ಸ್ಪಷ್ಟವಾಗಿ ಬಂದಿದೆ! ಮೆಮೊರಿ ಕಾರ್ಡ್ ಕೊಡಿ" ಎಂದರು.

"ಹಾಗೇ ಕೊಡೋಕಾಗುತ್ತಾ ಮೇಡಂ? ಸ್ವಲ್ಪ ಫಿನಿಶಿಂಗ್ ಇದೆ. ಸಂಜೆ ಅಂಗಡಿಗೇ ಬನ್ನಿ."

ಮಧ್ಯಾಹ್ನ ಸ್ಟುಡಿಯೋದಲ್ಲಿ ಕಂಪ್ಯೂಟರಿನ ಸುತ್ತ ಜನ ಸೇರಿತು. ಹೆಂಡತಿ ಕುರ್ಚಿಯ ಹಿಂದೆ, ಟೈಲರ್ ಬಲಗಡೆ, ಎದುರಂಗಡಿಯ ಕ್ಷೌರಿಕ ಎಡಗಡೆ.

"ಅಯ್ಯೋ, ಇದರ ರೆಕ್ಕೆ ಅಂಚು ಪೂರ್ತಿ ಹರಿದಿದೆಯಲ್ಲ!" ಎಂದ ಟೈಲರ್. "ಇದನ್ನ ಹೀಗೇ ಕೊಟ್ರೆ ನಿನ್ನ ಮರ್ಯಾದೆ ಏನಾಗಬೇಕು? ನೀಟಾಗಿ ಮಡಿಚಿ ಹೊಲಿದ ಹಾಗೆ ಮಾಡು."

"ಇಲ್ನೋಡು, ಮೈಮೇಲೆಲ್ಲ ಗೀರು. ಯಾವನೋ ಕಲಿಯೋನು ಕತ್ತಿ ಹಿಡಿದಿದ್ದಾನೆ. ಒರೆಸಿ ನುಣ್ಣಗೆ ಮಾಡು" ಎಂದ ಕ್ಷೌರಿಕ.

"ರೀ, ಆ ಬಿಳಿ ಮಚ್ಚೆನೂ ತೆಗೀರಿ. ತೊನ್ನು ಅಂದ್ಕೋತಾರೆ."

ಯಾವ ಮದುಮಗಳ ಮೊಡವೆಯನ್ನೂ ಆಲ್ಬಮ್ಮಿಗೆ ಹೋಗಗೊಡದ ಕೈ ಅದು. ಊಟ ಮರೆತು, ಬೆನ್ನು ಬಾಗಿಸಿ, ಒಂದೊಂದೇ ರೆಕ್ಕೆಯನ್ನು ತಿದ್ದಿ ತೀಡಿದ. ಕಂಪ್ಯೂಟರಿನಲ್ಲಿ ಜಾಗ ಕಡಿಮೆಯಾದ್ದರಿಂದ ತಿದ್ದಿದ್ದನ್ನು ಮೂಲದ ಮೇಲೆಯೇ ಉಳಿಸಿದ. ಕಾರ್ಡನ್ನೂ ಅಳಿಸಿ, ಮುಂದಿನ ಗಿರಾಕಿಗೆಂದು ಎತ್ತಿಟ್ಟ.

ಸಂಜೆ ಮೇಡಂ ಬಂದು ಕುರ್ಚಿಯಲ್ಲಿ ಕೂತರು. ಮಧ್ಯಾಹ್ನದ ಮೂವರೂ ಹಿಂದೆ ಬಂದು ನಿಂತರು. ಮೊದಲ ಫೋಟೋ ನೋಡಿದರು. ಎರಡನೆಯದು ನೋಡಿದರು. ಮತ್ತೆ ಮೊದಲನೆಯದಕ್ಕೆ ಹೋದರು.

"ಇದು ಯಾವುದು?"

"ಡಾಲ್ಫಿನ್ ಮೇಡಂ."

"ಯಾವ ಡಾಲ್ಫಿನ್? ಒಂದರ ರೆಕ್ಕೆಯ ತುದಿಯಲ್ಲಿ ದೊಡ್ಡ ಕಚ್ಚು ಇತ್ತಲ್ಲ?"

ಸ್ಮೈಲಣ್ಣನ ಮುಖ ಅರಳಿತು. "ಇತ್ತು ಮೇಡಂ. ಈಗ ಭೂತಗನ್ನಡಿ ಹಿಡಿದ್ರೂ ಸಿಗಲ್ಲ!"

ಮೇಡಂ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. "ಆ ಕಚ್ಚು, ಆ ಗೀರು, ಆ ಮಚ್ಚೆ ನೋಡಿಯೇ ಯಾವುದು ಯಾವುದು ಅಂತ ನಾವು ಗುರುತು ಹಿಡಿಯೋದು. ದೋಣಿಯಲ್ಲಿ ಅಷ್ಟು ಹೊತ್ತು ನಿಮಗೆ ಹೇಳಿದ್ದು ಅದನ್ನೇ. ಮೂಲ ಫೋಟೋ ಎಲ್ಲಿ?"

"ಅದರ ಮೇಲೇ ತಿದ್ದಿದ್ದು..."

"ಕಾರ್ಡ್?"

"ನೀಟಾಗಿ ಅಳಿಸಿಟ್ಟಿದೀನಿ ಮೇಡಂ."

"ಬೆಳಿಗ್ಗೆ ನಾವು ನೋಡಿದ್ದು ಒಂದು ಹಿಂಡು. ನಿಮ್ಮ ದಯದಿಂದ ಈಗ ಇಡೀ ಸಮುದ್ರದಲ್ಲಿ ಒಂದೇ ಡಾಲ್ಫಿನ್ ಇದೆ. ಅದೂ ನಿನ್ನೆ ಹುಟ್ಟಿದ್ದು."

ಕ್ಷೌರಿಕ ತಟ್ಟನೆ ಯಾರೋ ಗಿರಾಕಿ ನೆನಪಾದವನಂತೆ ಹೊರಟುಹೋದ. ಸ್ಮೈಲಣ್ಣ, "ಬೇಕಾದ್ರೆ ಕಚ್ಚು ಮತ್ತೆ ಹಾಕಿಕೊಡ್ತೀನಿ ಮೇಡಂ. ಯಾವುದಕ್ಕೆ, ಎಲ್ಲಿ ಬೇಕು ಹೇಳಿ" ಎಂದ.

ಮೇಡಂ ಎದ್ದರು. "ಸೀಸನ್ನಿಗೆ ಬೇರೆಯವರನ್ನ ನೋಡ್ಕೊಳ್ತೀನಿ. ಆದರೆ ಹಾಳಾದ ಇವತ್ತಿನ ದಿನ ನೀವು ನನಗೆ ಬಾಕಿ. ನಾಳೆ ಬೆಳಿಗ್ಗೆ ದೋಣಿಗೆ ಬನ್ನಿ. ಸಂಬಳ ಇಲ್ಲ."

ದೋಣಿ ಎಂಬ ಮಾತಿಗೇ ಸ್ಮೈಲಣ್ಣ ಮೇಡಂ ಬಿಟ್ಟ ಕುರ್ಚಿಯಲ್ಲಿ ಕೂತು ಅದರ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಹಿಂದಿನಿಂದ ಟೈಲರ್‌ನ ದನಿ ಜೇನಿನಂತೆ ಇಳಿದು ಬಂತು: "ಯೋಚನೆ ಮಾಡಬೇಡ ಮಾರಾಯ. ನೀನು ನಿಶ್ಚಿಂತೆಯಾಗಿ ಹೋಗಿ ಬಾ, ಇಲ್ಲಿಯದು ನಾನು ನೋಡ್ಕೊಳ್ತೀನಿ."

ಸ್ಮೈಲಣ್ಣ ತಿರುಗಿ ನೋಡಿದ. ಟೈಲರ್ ಗೋಡೆಯುದ್ದಕ್ಕೂ ಅಳತೆ ಟೇಪು ಹಿಡಿದು ನಿಂತಿದ್ದ. ಅದರ ಇನ್ನೊಂದು ತುದಿ ಹೆಂಡತಿಯ ಕೈಯಲ್ಲಿತ್ತು.