‘ಸಾಕು’ ಅನ್ನದ ಜೀನುಗಳು

ಬಾಗಲಕೋಟೆಯ ಕಾಲೇಜಿನಲ್ಲಿ ನಾನು ಗಣಿತದ ಮೇಡಂ. ಕ್ಯಾನ್ಸರಿಗೂ ಗಣಿತಕ್ಕೂ ಸಂಬಂಧ ಇದೆಯೆಂದು ಬಾಯಿಬಿಟ್ಟ ದಿನದಿಂದ ಶಾಣ್ಯಾರ, ಅಂದರೆ ಅತಿ ಜಾಣರ, ಕಾಟ ತಪ್ಪಿಲ್ಲ.

ಭಾಷಣ

ವಿಚಾರ ಸಂಕಿರಣಕ್ಕೆ ಬಂದ ಮುಖಂಡರೊಬ್ಬರು ನನ್ನ ಕೆಲಸವೇನೆಂದು ಕೇಳಿದರು.

“ಜೀವಕೋಶದಾಗ ಒಂದು ಜೀನು ‘ಬೆಳಿ’ ಅಂತೈತಿ, ಇನ್ನೊಂದು ‘ಸಾಕು’ ಅಂತೈತಿ. ಆ ಜಾಲಾನ ಸಮೀಕರಣದಾಗ ಬರೀತೇನ್ರಿ. ‘ಸಾಕು’ ಅನ್ನೂದು ಕೆಟ್ಟರ ಬೆಳೆಯೂದು ನಿಲ್ಲೂದಿಲ್ಲ. ಅದಽ ಕ್ಯಾನ್ಸರ್.”

“ಭಾಳ ಛಲೋ” ಎಂದವರೇ ಮೈಕ್ ಹಿಡಿದರು. ಊಟದ ಹೊತ್ತು ಮೀರಿತು, ಬಿಡಲಿಲ್ಲ. ಪ್ರಿನ್ಸಿಪಾಲರು ‘ಸಾಕು’ ಎಂದು ಬರೆದ ಚೀಟಿ ಕೊಟ್ಟರು. ಜೇಬಿಗೆ ಹಾಕಿಕೊಂಡು ಮುಂದುವರಿಸಿದರು.

ಪಕ್ಕದಲ್ಲಿದ್ದ ಪ್ರಾಣಿಶಾಸ್ತ್ರದ ಮೇಡಂ ಪಿಸುಗುಟ್ಟಿದರು: “ಈಗ ತಿಳೀತ್ರಿ, ಕ್ಯಾನ್ಸರ್ ಅಂದ್ರ ಏನಂತ.”

ಡಾಕ್ಟರ್

ಇಳಕಲ್ಲಿನ ಮದುವೆಯೊಂದರಲ್ಲಿ ಯಾರೋ ನನ್ನನ್ನು ‘ಕ್ಯಾನ್ಸರ್ ಡಾಕ್ಟರ್’ ಎಂದುಬಿಟ್ಟರು. ಒಬ್ಬ ಯಜಮಾನರು ಗುಟ್ಕಾ ಉಗುಳಿ ಬಂದು ಬಾಯಿ ತೆರೆದರು.

“ಹುಣ್ಣು ಮಾಯವಲ್ದು, ನೋಡ್ರಿ.”

“ನಾ ಗಣಿತದ ಡಾಕ್ಟರ್ರಿ. ಗುಟ್ಕಾ ಬಿಡ್ರಿ, ಮೊದಲ ದವಾಖಾನಿಗೆ ಹೋಗ್ರಿ.”

ಅವರ ಮುಖ ಅರಳಿತು. “ಗಣಿತದವರಾ? ಹಂಗಾದ್ರ ಲೆಕ್ಕಾ ಮಾಡಿ ಹೇಳಿಬಿಡ್ರಿ, ದಿನಕ್ಕ ಎಷ್ಟು ಪ್ಯಾಕೆಟ್ ತಿಂದ್ರ ನಡೀತೈತಿ?”

ಪುಡಿ

ಹುನಗುಂದದ ನಮ್ಮ ಕಾಕುವಿಗೆ, ಅಂದರೆ ಚಿಕ್ಕಪ್ಪನ ಹೆಂಡತಿಗೆ, ಎದೆಯಲ್ಲಿ ಗಂಟಾಯಿತು. ಆಪರೇಷನ್ನಿನ ಕತ್ತರಿಗೆ ಹೆದರಿ ಬಾದಾಮಿ ಊರಿನ ಪುಡಿ ವೈದ್ಯನ ಕಡೆ ಹೊರಟರು. ಎಷ್ಟು ಹೇಳಿದರೂ ಕೇಳಲಿಲ್ಲ. ಜೀವ ಕೈಯಲ್ಲಿ ಹಿಡಿದುಕೊಂಡು ನಾನೂ ಜೊತೆಗೆ ಹೋದೆ.

“ನಿಮ್ಮ ಜೀನಿನ ಜಾಲ ಹರದೈತಿ. ಪುಡಿ ಹೊಲೀತೈತಿ” ಎಂದ ಆತ, ಗೋಡೆಯ ಮೇಲಿನ ಗ್ರಾಫ್ ತೋರಿಸಿದ. “ನೋಡ್ರಿ, ಆರೋಗ್ಯ ಹೆಂಗ ಏರೇತಿ!”

ಇಂಟರ್ನೆಟ್ಟಿನಿಂದ ಇಳಿಸಿದ ಚಿತ್ರ. ಅಂಚಿನಲ್ಲಿದ್ದ ಇಂಗ್ಲಿಷನ್ನು ಓದಿ ಹೇಳಿದೆ: “ಇದು ಆರೋಗ್ಯ ಅಲ್ಲರಿ, ಗಂಟಿನ ಗಾತ್ರ. ಗಂಟು ಬೆಳೀತೈತಿ ಅಂತ ನೀವಽ ಗೋಡಿಗೆ ಹಚ್ಚೀರಿ!”

ಆತ ಕಣ್ಣು ಮಿಟುಕಿಸಲಿಲ್ಲ. ಚಿತ್ರ ಕಿತ್ತು ತಲೆಕೆಳಗಾಗಿ ತೂಗುಹಾಕಿದ. “ಈಗ ಇಳೀತಲ್ರಿ?”

ಏರುವ ಗೆರೆ ತಲೆಕೆಳಗಾದರೂ ಏರುತ್ತಲೇ ಇರುತ್ತದೆ. ಕಾಕು ಅದನ್ನೇ ನೋಡುತ್ತ ಕೂತವರು ಸೆರಗು ಬಿಗಿದು ಎದ್ದರು. “ನಡಿಯವ್ವಾ, ದವಾಖಾನಿಗೆ.”

ಗಂಟು ಸಣ್ಣದಿದ್ದಾಗಲೇ ತೆಗೆದರು. ಕಾಕು ಈಗ ಆರಾಮಿದ್ದಾರೆ. ಸುದ್ದಿ ಕೇಳಿ ಪುಡಿಯವನು ಕಾಕುವಿಗೆ ಫೋನ್ ಮಾಡಿದ: “ನಮ್ಮ ಅಂಗಡಿ ಕಟ್ಟಿ ಹತ್ತಿದ್ದಕ್ಕಽ ಇಷ್ಟು ಗುಣಾ ಬಂತು ನೋಡ್ರಿ! ಪುಡಿ ತಿಂದಿದ್ರ ಏನಾಗ್ತಿತ್ತು?”

“ಏನಾಗ್ತಿತ್ತು?” ಎಂದರು ಕಾಕು. “ಈ ಫೋನ್ ನನ್ನ ತಿಥಿ ಊಟಾ ಮಾಡಾಕ ಬಂದವರು ಎತ್ತತಿದ್ರಲೇ, ಖೋಡಿ!”