ಬಿಸಿಲಿಗೆ ಹಿಡಿದ ಲ್ಯಾಪ್‌ಟಾಪ್

ನಮ್ಮ ಮಾವನವರ ತಟ್ಟೆಗೆ ಒಂದು ಬಿಸಿ ರೊಟ್ಟಿ ಹಾಕಿ ನೋಡಿ. ಅವರು ಅದನ್ನು ತಿನ್ನುವುದಿಲ್ಲ, ಗ್ಯಾಲರಿಗೆ, ಅಂದರೆ ಬಾಲ್ಕನಿಗೆ, ಒಯ್ಯುತ್ತಾರೆ! ಅಲ್ಲಿ ಬಿಸಿಲಿಗೆ ಹಿಡಿದು, ಮುಂದೆ ತಿರುಗಿಸಿ, ಹಿಂದೆ ತಿರುಗಿಸಿ, ಅಂಚಿನ ಸುತ್ತ ಹೆಬ್ಬೆರಳು ಆಡಿಸಿ, ಆಮೇಲೆ ಒಳಗೆ ಬರುತ್ತಾರೆ.

“ಅಂಚಿನ್ಯಾಗ ಬಿರುಕು ಅದ ಯವ್ವಾ.”

“ತಿನ್ನಾಕ ಮಾಡೇನ್ರಿ ಮಾವಾರ. ತೋಪಿನಾಗ ಹಾಕಿ ಹಾರಸಾಕಲ್ಲ.”

“ಹಂಗಾದ್ರ ಪಾಸ್,” ಎಂದು ಕೂತು ತಿನ್ನುತ್ತಾರೆ.

ತಪ್ಪು ಅವರದಲ್ಲ ಬಿಡಿ. ಪುಣೆಯ ಖಡಕಿಯ ಮದ್ದುಗುಂಡಿನ ಕಾರ್ಖಾನೆಯಲ್ಲಿ ತಪಾಸಣೆಯ ಕೆಲಸ ಮಾಡಿ ನಿವೃತ್ತರಾದವರು. ಯಾವ ವಸ್ತುವನ್ನೂ ಪೂರ್ತಿ ಬೆಳಕಿನಲ್ಲಿ ನೋಡದೆ ಒಪ್ಪಬಾರದು ಎನ್ನುವುದು ಅವರ ಮೊದಲ ನಿಯಮ. ಒಂದು ಸಲಕ್ಕೆ ಒಂದೇ ಪರೀಕ್ಷೆ ಎನ್ನುವುದು ಎರಡನೆಯದು. ಒಬ್ಬರ ಮಾತಿನ ಮೇಲೆ ಯಾವುದನ್ನೂ ರದ್ದು ಮಾಡಬಾರದು ಎನ್ನುವುದು ಮೂರನೆಯದು. ಮನೆಗೆ ಬಂದ ಟೊಮೆಟೊ, ಸೀರೆ, ಮದುವೆಯ ಕರೆಯೋಲೆ, ನಮ್ಮ ಮನೆ ಮಾಲೀಕರ ಮುಖ, ಎಲ್ಲವೂ ಗ್ಯಾಲರಿಗೆ ಹೋಗಿಯೇ ಒಳಗೆ ಬರಬೇಕು.

ನನ್ನನ್ನು ನೋಡಲು ವಿಜಯಪುರಕ್ಕೆ ಬಂದಿದ್ದಾಗಲೂ ಇದೇ ಆಯಿತು. ನಾನು ತಲೆ ತಗ್ಗಿಸಿ ಕೂತಿದ್ದೆ. ಮಾವನವರು ಒಮ್ಮೆಲೇ, “ಹುಡುಗಿನ್ನ ಬಾಗಲ ಕಡೆ ಬೆಳಕಿಗೆ ಕೂಡಸ್ರಿ,” ಎಂದರು! ನಮ್ಮ ಅವ್ವನ ಮುಖ ಕಪ್ಪಿಟ್ಟಿತು. ಮಗಳ ಬಣ್ಣ ನೋಡುತ್ತಿದ್ದಾರೆ ಎಂದು ನಮ್ಮ ಕಾಕಾ ಜಗಳಕ್ಕೇ ಎದ್ದರು. ನನ್ನನ್ನು ಬಾಗಿಲ ಬಳಿ ಬೇರೆ ಕುರ್ಚಿಯಲ್ಲಿ ಕೂರಿಸಿದ ಮೇಲೆ ಇವರು ಖಾಲಿ ಕುರ್ಚಿಯನ್ನು ಎತ್ತಿ ಬಿಸಿಲಿಗೆ ಹಿಡಿದರು. “ನೋಡ್ರಿ, ಈ ಕಾಲಿನ ಮೊಳಿ ಸಡಲ್ಯಾವ. ಕೂಸು ಬಿದ್ದಿತ್ತು!” ಸಂಬಂಧ ಅಲ್ಲೇ ಗಟ್ಟಿಯಾಯಿತು. ಕುರ್ಚಿಯೂ.

ಇಂಥ ಮನುಷ್ಯ ಜೀವನದಲ್ಲಿ ಒಂದೇ ಒಂದು ವಸ್ತುವನ್ನು ತಪಾಸಣೆ ಮಾಡದೆ ರದ್ದು ಮಾಡಿದ್ದರು. ಅದು ನಮ್ಮವರ ಲ್ಯಾಪ್‌ಟಾಪ್.

ನಮ್ಮವರು ಚಾಕಣದಲ್ಲಿ ಗಾಡಿಗಳ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿದ್ದರು. ಆಟ ಆಡಲೆಂದೇ ಮಾಡಿದ ಆ ಲ್ಯಾಪ್‌ಟಾಪನ್ನು ಆಸೆಪಟ್ಟು ತಂದಿದ್ದರು. ತೂಕದಲ್ಲಿ ಅದು ಮಸಾಲೆ ಕುಟ್ಟುವ ನಮ್ಮ ಕಲಬತ್ತಿಗೆ ಸಮ. ಶುರು ಮಾಡಿದರೆ ಒಳಗಿನ ಫ್ಯಾನು ವಿಮಾನ ಏಳುವ ಹಾಗೆ ಮೊರೆಯುತ್ತಿತ್ತು. ಅದರಲ್ಲಿ ಅವರು ಆಡುತ್ತಿದ್ದದ್ದು ಒಂದೇ ಆಟ: ಸರಕು ತುಂಬಿದ ದೊಡ್ಡ ಟ್ರಕ್ಕನ್ನು ಯಾವುದೋ ದೇಶದ ರಸ್ತೆಯಲ್ಲಿ ಊರಿಂದೂರಿಗೆ ಓಡಿಸುವುದು.

“ಹಗಲೆಲ್ಲ ಗಾಡಿ ಭಾಗ ಮಾಡ್ತಾನ, ಮನಿಗೆ ಬಂದು ಸುಳ್ಳ ಗಾಡಿ ಓಡಸ್ತಾನ. ಆ ಮಾಲು ಯಾರಿಗೆ ಮುಟ್ಟಿಸ್ತೀಯೋ ಮಾರಾಯಾ?”

“ಅಪ್ಪಾ, ಇಲ್ಲೆ ಬಾ, ಒಮ್ಮಿ ನೋಡರ ನೋಡು.”

“ನಾ ಖರೇ ತೋಪು ನೋಡಿದಾಂವ. ಸುಳ್ಳ ಗಾಡಿ ನೋಡಂಗಿಲ್ಲ.”

ಹೇಳಿದಂತೆ ನಡೆದುಕೊಂಡರು. ಹಾಲ್ ದಾಟುವಾಗ ಪೇಪರನ್ನು ಮುಖಕ್ಕೆ ಅಡ್ಡ ಹಿಡಿದು ಹೋಗುತ್ತಿದ್ದರು. ಒಮ್ಮೆ ಹಾಗೇ ಹೋಗಿ ಕಪಾಟಿಗೆ ಹಾಯ್ದು ಹಣೆ ಊದಿಸಿಕೊಂಡರು. ಆಗಲೂ ಕಣ್ಣು ಆ ಕಡೆ ತಿರುಗಲಿಲ್ಲ ನೋಡಿ!

ಹೋದ ಚಳಿಗಾಲದಲ್ಲಿ ನಮ್ಮವರು ತೀರಿಕೊಂಡರು. ಎದೆ ನೋವು ಎಂದರು, ಆಸ್ಪತ್ರೆ ಮುಟ್ಟುವ ಮೊದಲೇ ಹೋದರು. ಅದರ ಬಗ್ಗೆ ಹೆಚ್ಚು ಬರೆಯಲು ನನಗೆ ಬರುವುದಿಲ್ಲ.

ಅತ್ತೆಯವರು ಮೊದಲೇ ಇರಲಿಲ್ಲ. ಮನೆಯಲ್ಲಿ ಉಳಿದವರು ನಾವಿಬ್ಬರೇ, ಮಾವ ಮತ್ತು ಸೊಸೆ. ಇಬ್ಬರಿಗೂ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಅವರು ಗ್ಯಾಲರಿಯಿಂದ ಅಡುಗೆಮನೆಗೆ ಹೊರಟರೆ ನಾನು ಅಡುಗೆಮನೆಯಿಂದ ಗ್ಯಾಲರಿಗೆ ಹೊರಟಿರುತ್ತಿದ್ದೆ. ಎಷ್ಟು ದೊಡ್ಡ ಮನೆ? ಹದಿನೈದು ಹೆಜ್ಜೆ! ನಡುವೆ ಹಾಲ್‌ನಲ್ಲಿ ಎದುರಾದಾಗ ಸಂತೆಯಲ್ಲಿ ಸಿಕ್ಕವರ ಹಾಗೆ ನಿಂತು, “ಚಾ ಆತೇನ್ರಿ?” “ಆತು, ನಿಂದು?” ಎಂದು ಕೇಳಿಕೊಂಡು ಮತ್ತೆ ನಡೆಯುತ್ತಿದ್ದೆವು. ಆ ಚಾ ಮಾಡಿಕೊಟ್ಟವಳು ನಾನೇ.

ಒಂದು ದಿನ ಹೀಗೆ ಎದುರಾದಾಗ ಅವರು ದಾರಿ ಬಿಡಲಿಲ್ಲ.

“ಯವ್ವಾ, ಅದನ್ನ ತಗಿ.”

“ಯಾವುದನ್ರಿ?”

“ಅವನ ಡಬ್ಬಿ. ಅಷ್ಟೊತ್ತು ಕೂತು ಏನ್ ನೋಡ್ತಿದ್ದ ಅಂತ ನಾ ಒಮ್ಮಿ ನೋಡಬೇಕು.”

ಕಪಾಟಿನಿಂದ ತೆಗೆದೆ. ಅದು ಗ್ಯಾಲರಿಗೇ ಹೋಯಿತೆಂದು ಬೇರೆ ಹೇಳಬೇಕೆ? ತಂತಿ ಎಳೆದು, ಸ್ಟೂಲಿನ ಮೇಲೆ ಇಟ್ಟು ಗುಂಡಿ ಒತ್ತಿದೆ. ಮೂಲೆಯ ಕೆಂಪು ದೀಪ ಹತ್ತಿತು. ಫ್ಯಾನು ಮೊರೆಯಿತು. ಪಾಸ್‌ವರ್ಡ್ ನನಗೆ ಗೊತ್ತಿತ್ತು. ಕೀಲಿಗಳನ್ನಷ್ಟೇ ನೋಡಿ ಒತ್ತಿದೆ, ಒಳಗೆ ಟಣ್ ಎಂದಿತು. ಎಲ್ಲ ಸರಿ. ಪರದೆ ಮಾತ್ರ ಕಪ್ಪು! ಅದರಲ್ಲಿ ಕಂಡದ್ದು ಎರಡೇ ಮುಖ, ನನ್ನದು ಮತ್ತು ಮಾವನವರದು.

ಬೇರೆಯವರಾಗಿದ್ದರೆ ಅಂಗಡಿಗೆ ಒಯ್ಯುತ್ತಿದ್ದರು. ಮಾವನವರು ಒಂದು ರಟ್ಟಿನ ಚೀಟಿಗೆ ದಾರ ಕಟ್ಟಿ, ‘ತಪಾಸಣೆಯಲ್ಲಿದೆ, ಮುಟ್ಟಬಾರದು’ ಎಂದು ಬರೆದು ಅದರ ಕೊರಳಿಗೆ ನೇತುಹಾಕಿದರು. ಲ್ಯಾಪ್‌ಟಾಪಿಗೆ ಕೊರಳು ಎಲ್ಲಿ ಎಂದು ಕೇಳಬೇಡಿ, ಹುಡುಕಿದರು.

ಮೊದಲ ಪರೀಕ್ಷೆಯನ್ನು ಮೊಬೈಲಿನ ವಿಡಿಯೊದಲ್ಲಿ ಒಬ್ಬ ಹಿಂದಿಯಲ್ಲಿ ಹೇಳಿಕೊಟ್ಟ. ತಂತಿ ತೆಗೆದು, ಗುಂಡಿಯನ್ನು ಅರ್ಧ ನಿಮಿಷ ಒತ್ತಿ ಹಿಡಿದರೆ ಒಳಗೆ ಉಳಿದ ಕರೆಂಟು ಇಳಿದುಹೋಗುತ್ತದಂತೆ. ಮಾವನವರು ವಿಡಿಯೊದ ಜೊತೆ ಜಗಳಕ್ಕಿಳಿದರು.

“ಅರ್ಧ ನಿಮಿಷ ಅಂದ್ರ ಎಷ್ಟೋ? ಹಿಂದ ಮುಂದ ಎಷ್ಟು ಸೆಕೆಂಡ್ ನಡೀತದ? ಹೇಳೇ ಇಲ್ಲ ಇಂವ!”

“ಅವಗ ಕೇಳಸಂಗಿಲ್ರಿ ಮಾವಾರ.”

“ಕೇಳಸದಾಂವ ಹೇಳಾಕ ಯಾಕ ಬಂದ?”

ಕೈಗಡಿಯಾರ ನೋಡುತ್ತ ಸರಿಯಾಗಿ ಮೂವತ್ತು ಸೆಕೆಂಡ್ ಒತ್ತಿದರು. ಪರದೆ ಕಪ್ಪು. ಒಂದು ಸಲಕ್ಕೆ ಒಂದೇ ಪರೀಕ್ಷೆ ಎನ್ನುವ ನಿಯಮ ಇದೆಯಲ್ಲ, ಎರಡನೆಯದಕ್ಕೆ ಮುಂದಿನ ಭಾನುವಾರದವರೆಗೆ ಕಾಯಬೇಕಾಯಿತು. ಆ ಆರು ದಿನ ಅವರು ನಡೆದ ದೂರವನ್ನು ನೇರ ಮಾಡಿದರೆ ಸೊಲ್ಲಾಪುರ ಬರುತ್ತಿತ್ತು.

ಎರಡನೆಯ ಭಾನುವಾರ ಹಿಂದಿನ ಮುಚ್ಚಳ ಬಿಚ್ಚಿದರು. ಸಣ್ಣ ಸಣ್ಣ ಹನ್ನೊಂದು ಸ್ಕ್ರೂ. ಯಾವುದು ಎಲ್ಲಿಯದು ಎಂದು ತಪ್ಪಬಾರದಲ್ಲ? ನನ್ನ ಇಡ್ಲಿ ತಟ್ಟೆಗಳನ್ನು ತಂದು ಒಂದೊಂದು ಕುಳಿಗೆ ಒಂದೊಂದು ಸ್ಕ್ರೂ ಇಟ್ಟರು. ಒಳಗಿನ ರ‍್ಯಾಮ್ ಎನ್ನುವ ನೆನಪಿನ ಪಟ್ಟಿಯನ್ನು ತೆಗೆದು, ಅದರ ಚಿನ್ನದ ಬಣ್ಣದ ಹಲ್ಲುಗಳನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ತಿಕ್ಕಿ, ಮತ್ತೆ ಕೂರಿಸಿದರು. ಪರದೆ ಕಪ್ಪು. ಮುಂದಿನ ಪರೀಕ್ಷೆಗೂ ಬಿಚ್ಚಬೇಕಾದೀತು ಎಂದು ಸ್ಕ್ರೂಗಳು ಕುಳಿಗಳಲ್ಲೇ ಉಳಿದವು. ನಮ್ಮ ಮನೆಯಲ್ಲಿ ಒಂದು ತಿಂಗಳು ಇಡ್ಲಿ ಇರಲಿಲ್ಲ! ಹಿಟ್ಟು ರುಬ್ಬಿದ್ದು ಹುಳಿ ಬಂದು ದೋಸೆಯಾಯಿತು. ಆ ದೋಸೆ ಗ್ಯಾಲರಿಗೆ ಹೋಗಿ ಬಂತು.

ಮೂರನೆಯ ಭಾನುವಾರ ಟಿವಿಯನ್ನೇ ಗ್ಯಾಲರಿಯ ಬಾಗಿಲಿಗೆ ಎಳೆದು ತಂತಿ ಜೋಡಿಸಿದೆವು. ಟಿವಿಯ ತುಂಬ ಒಂದು ಹಸಿರು ಬೆಟ್ಟ ಬಂತು! ಬೆಟ್ಟ ಬಿಟ್ಟರೆ ಬೇರೇನೂ ಇಲ್ಲ. ಒತ್ತಲು ಗುರುತುಗಳಿಲ್ಲ, ಆಟವಿಲ್ಲ. ಅವೆಲ್ಲ ಕಪ್ಪು ಪರದೆಯಲ್ಲೇ ಉಳಿದಿದ್ದವು. ಮಾವನವರು ಕುರ್ಚಿ ಎಳೆದುಕೊಂಡು, ಕೈಕಟ್ಟಿ, ಆ ಬೆಟ್ಟವನ್ನು ತುಂಬ ಹೊತ್ತು ನೋಡಿದರು. ಅಷ್ಟು ದಿನಗಳಲ್ಲಿ ಅವರು ಒಂದೇ ಕಡೆ ಕೂತದ್ದು ಅದೇ ಮೊದಲು.

“ಭಾಳ ಚೊಲೋ ಅದ. ಇದನ್ನ ನೋಡ್ತಿದ್ದನೇನವಾ ಅಂವ?”

“ಅಲ್ರಿ ಮಾವಾರ. ಅದು ಬರೇ ಹಿಂದ ಹಾಕೋ ಚಿತ್ರ, ವಾಲ್‌ಪೇಪರ್.”

“ಹೌದಾ?” ಎಂದು ಎದ್ದು ಕುರ್ಚಿಯನ್ನು ಗೋಡೆಗೆ ಸರಿಸಿದರು. ನಾನು ಯಾಕೆ ಹೇಳಿದೆನೋ. ಹೂಂ ಎಂದಿದ್ದರೆ ಏನು ಹೋಗುತ್ತಿತ್ತು?

ಕೊನೆಗೆ ಅಂಗಡಿಗೆ ಹೋಗಲೇಬೇಕಾಯಿತು. ಸದಾಶಿವ ಪೇಠದ ಒಂದು ಗಲ್ಲಿಯಲ್ಲಿ ರಿಪೇರಿ ಅಂಗಡಿ. ತಲೆಯ ಮೇಲೆ ನಾಲ್ಕು ಟ್ಯೂಬ್‌ಲೈಟು, ಕಣ್ಣಿಗೆ ಭೂತಗನ್ನಡಿ ಕಟ್ಟಿಕೊಂಡ ಮೆಕ್ಯಾನಿಕ್. ಅವರು ಪರದೆಗೆ ಬ್ಯಾಟರಿ ದೀಪ ಹಿಡಿದು ಓರೆಯಾಗಿ ನೋಡಿದರು. ಒಳಗೆ ನೆರಳಿನಂತೆ ಏನೋ ಕಾಣುತ್ತದೆ, ಹಿಂದಿನ ದೀಪ ಸತ್ತಿದೆ, ಹೊಸ ಪರದೆ ಹಾಕಬೇಕು, ಎಂದು ಮರಾಠಿಯಲ್ಲಿ ಹೇಳಿ ಮುಗಿಸಿದರು. ಎರಡು ನಿಮಿಷದ ಕೆಲಸ. ನಮ್ಮ ಮಾವನವರಿಗೆ ಎರಡು ನಿಮಿಷದ ತಪಾಸಣೆ ಎಂದರೆ ಅಪಮಾನ!

“ಇಲ್ಲಿ ಅಲ್ಲ. ಹೊರಗ ಬೆಳಕಿನ್ಯಾಗ ನೋಡ್ರಿ,” ಎಂದು ಅವರ ಕೈಹಿಡಿದು ರಸ್ತೆಗೆ ಕರೆತಂದರು. ಮಟಮಟ ಮಧ್ಯಾಹ್ನ. ಹಿಂದೆ ಮುಂದೆ ಸ್ಕೂಟರುಗಳು ಹಾರ್ನ್ ಹೊಡೆಯುತ್ತಿವೆ. ನಡುವೆ ಒಬ್ಬರು ಲ್ಯಾಪ್‌ಟಾಪನ್ನು ಸೂರ್ಯನಿಗೆ ನೈವೇದ್ಯದಂತೆ ಎತ್ತಿ ಹಿಡಿದಿದ್ದಾರೆ, ಇನ್ನೊಬ್ಬರು ಭೂತಗನ್ನಡಿಯಲ್ಲಿ ನೋಡುತ್ತಿದ್ದಾರೆ.

“ಕಾಹೀ ದಿಸತ ನಾಹೀ, ಕಾಕಾ,” ಎಂದರು ಮೆಕ್ಯಾನಿಕ್. ಏನೂ ಕಾಣುವುದಿಲ್ಲ ಎಂದು.

“ಇದು ಒಬ್ಬರ ಮಾತಾತು,” ಎಂದು ಮಾವನವರು ನನ್ನ ಕಡೆ ತಿರುಗಿದರು. “ರದ್ದು ಮಾಡಾಂಗಿಲ್ಲ. ಮನಿಗೆ ನಡಿ. ಒಂದು ದಿನ ಪೂರ್ತಿ ಚಾಲೂ ಇಟ್ಟು ನೋಡೋಣು.”

ರಿಕ್ಷಾದಲ್ಲಿ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತರು. ಒಂದು ಕಾಲು ಸುಮ್ಮನೆ ಕುಣಿಯುತ್ತಲೇ ಇತ್ತು. ಖಡಕಿ ಹತ್ತಿರ ಬಂದಾಗ, “ಅಂವ ಕರದಾಗ ನೋಡಿದ್ರ ಮುಗದಿತ್ತು,” ಎಂದರು. ರಿಕ್ಷಾದವನಿಗೆ ಹೇಳಿದರೋ, ನನಗೋ, ತಿಳಿಯಲಿಲ್ಲ.

ದಿನ ಪೂರ್ತಿ ಓಡಿದರೆ ಬಿಸಿಯಾಗುತ್ತದೆ ಎಂದು ಮರುದಿನ ಬೆಳಿಗ್ಗೆ ಅದನ್ನು ಹಾಲ್‌ನ ಮಂಚದ ಕೆಳಗೆ ತಣ್ಣನೆಯ ನೆಲದ ಮೇಲೆ ನನ್ನಿಂದ ಚಾಲೂ ಮಾಡಿಸಿ ಇಟ್ಟರು. ಚಾದರ ನೆಲದವರೆಗೆ ಇಳಿಬಿದ್ದಿತ್ತು. ನಾನು ಕಸ ಗುಡಿಸುತ್ತ ಬಂದು, ಚಾದರದ ಅಡಿಯಲ್ಲಿ ಕಸಬರಿಗೆ ತೂರಿಸಿದೆ. ಅದು ಕೀಲಿಗಳಿಗೆ ತಾಗಿತು. ಬಗ್ಗಿ ನೋಡಿದೆ.

ಕತ್ತಲೆಯಲ್ಲಿ ಒಂದು ಬೆಟ್ಟ ಮಿಣುಕುತ್ತಿತ್ತು.

“ಮಾವಾರ! ಕಾಣಾಕತ್ತದ್ರಿ!”

ಮೊಣಕಾಲು ನೋವಿನ ಮನುಷ್ಯ ಹೇಗೆ ಬಗ್ಗಿದರೋ, ಹೊಟ್ಟೆಯ ಮೇಲೆ ತೆವಳಿ ನನ್ನ ಪಕ್ಕದಲ್ಲಿ ಮಂಚದ ಕೆಳಗೆ ಬಂದರು. ಪರದೆ ಸತ್ತಿರಲಿಲ್ಲ. ಅದರ ಬೆಳಕನ್ನು ಕೊನೆಯ ಮೆಟ್ಟಿಲಿಗೆ ಇಳಿಸಿ ಇಟ್ಟಿತ್ತು, ಅಷ್ಟೇ. ಸೂರ್ಯನ ಗುರುತಿನ ಕೀಲಿ ಒತ್ತಿದರೆ ಏರುವಂಥದ್ದು! ಆ ಮಿಣುಕನ್ನು ನಾವು ಪುಣೆಯ ಬಿಸಿಲಿಗೆ ಹಿಡಿದು ಹಿಡಿದು ನೋಡಿದ್ದೆವು.

ಕೀಲಿ ಒತ್ತುತ್ತ ಹೋದೆ. ಬೆಟ್ಟ ಹಸಿರಾಯಿತು. ಆಟದ ಗುರುತು ಸಿಕ್ಕಿತು, ಅದನ್ನೂ ಒತ್ತಿದೆ. ಉದ್ದನೆಯ ರಸ್ತೆ, ಎರಡೂ ಕಡೆ ಗೋಧಿ ಹೊಲ, ಪಕ್ಕಕ್ಕೆ ನಿಲ್ಲಿಸಿದ ಒಂದು ಟ್ರಕ್ಕು. ಮಂಚದ ಅಡಿಯೆಲ್ಲ ಬೆಳಗಿತು.

“ಇಷ್ಟು ಚೊಲೋ ಕಾಣ್ತದ. ಮತ್ತ್ಯಾಕ ಅಷ್ಟು ಮಂದ ಇಟ್ಟಿದ್ದ?”

ನನಗೂ ಆಗಲೇ ಹೊಳೆದದ್ದು. ಕಾರ್ಖಾನೆಯ ಗದ್ದಲದಲ್ಲಿ ಬದುಕಿದ ಮಾವನವರಿಗೆ ಎಂಥ ಸದ್ದಿನಲ್ಲೂ ನಿದ್ದೆ ಬರುತ್ತದೆ. ಕಣ್ಣಿನ ಮೇಲೆ ಒಂದು ಗೆರೆ ಬೆಳಕು ಬಿದ್ದರೆ ಎದ್ದು ಕೂರುತ್ತಾರೆ. ಅವರು ಮಲಗುವುದು ಈ ಮಂಚದ ಮೇಲೆ. ನಮ್ಮವರು ಎರಡನೇ ಪಾಳಿ ಇದ್ದ ವಾರ ರಾತ್ರಿ ಬಂದು, ಇದಕ್ಕೆ ಒರಗಿ ನೆಲದ ಮೇಲೆ ಕೂತು, ಪರದೆಗೆ ಮೂಗು ತಾಗುವ ಹಾಗೆ ಬಗ್ಗಿ ಆಡುತ್ತಿದ್ದರು. ಕಣ್ಣು ಮಂಜಾಗಿರಬೇಕು, ಚಷ್ಮಾ ಮಾಡಿಸಿಕೊಳ್ಳಿ ಎಂದು ನಾನು ಬೈಯುತ್ತಿದ್ದೆ.

“ನಿಮ್ಮ ನಿದ್ದಿ ಕೆಡಬಾರದಂತ್ರಿ,” ಎಂದೆ.

ಮಾವನವರು ಗಲ್ಲವನ್ನು ನೆಲಕ್ಕೆ ಊರಿ ರಸ್ತೆಯನ್ನೇ ನೋಡುತ್ತಿದ್ದರು.

“ಬೆಳಕು ಇಳಸು.”

“ಏನೂ ಕಾಣಂಗಿಲ್ರಿ ಮತ್ತ.”

“ಅವಗ ಕಾಣ್ತಿತ್ತಲ್ಲ.”

ಕೀಲಿ ಒತ್ತಿದೆ. ಒಂದೊಂದೇ ಮೆಟ್ಟಿಲಾಗಿ ಬೆಳಕು ಇಳಿಯಿತು. ಮಾವನವರು ಮುಂದಕ್ಕೆ ತೆವಳಿ, ಪರದೆಗೆ ಮೂಗು ತಾಗುವಷ್ಟು ಹತ್ತಿರ ಹೋಗಿ, ನೋಡುತ್ತ ಮಲಗಿದರು.