ನೇತೃತ್ವ ನಮ್ಮದು, ಬಸ್ಸು ಅವರದು

ಡಿಂಪ್ನಾ: ಬಸ್ಸು ಯಾರದಾದ್ರೂ ಆಗ್ಲಿ ಕಣೋ, ನೇತೃತ್ವ ಕೌನ್ಸಿಲ್‌ದು ಅಂತ ತಾನೇ ನಿಮ್ ಗೋಡೆ ಮೇಲೆ ಬರ್ದಿರೋದು?

ಟ್ರೆವರ್: ನಮ್ದೇ, ಮಿಸೆಸ್ ಡೆವೆನಿ. ಕಾನೂನೇ ಹಾಗಿದೆ. ಸಾರಿಗೆ, ಆಸ್ಪತ್ರೆ, ಪೊಲೀಸು, ಒಟ್ಟು ಹದಿಮೂರು ಸಂಸ್ಥೆಗಳನ್ನ ಒಂದೇ ಮೇಜಿಗೆ ಕೂರಿಸಿ, ಊರಿಗೊಂದು ಯೋಜನೆ ಮಾಡಿಸ್ಬೇಕು.

ಡಿಂಪ್ನಾ: ಕೂತವರಿಗೆ ಹೇಳು, ನಿಲ್ಲಿಸಿರೋ ಒಂಬತ್ತರ ಬಸ್ಸು ಮತ್ತೆ ಬಿಡಿ ಅಂತ.

ಟ್ರೆವರ್: ಹೇಳೋಕಾಗಲ್ಲ. ಕೂರಿಸ್ಬಹುದು, ಅಷ್ಟೆ.

ಡಿಂಪ್ನಾ ಕೈಚೀಲವನ್ನು ಅಧಿಕಾರಿ ಟ್ರೆವರ್‌ನ ಮೇಜಿನ ಮೇಲೆ ಧೊಪ್ಪನೆ ಇಟ್ಟಳು. ಉತ್ತರ ಐರ್ಲೆಂಡಿನ ಆ ಕೌನ್ಸಿಲ್ ಕಚೇರಿಗೆ, ಅಂದರೆ ಅಲ್ಲಿನ ಪುರಸಭೆಗೆ, ಇದು ಅವಳ ನಾಲ್ಕನೇ ದಂಡಯಾತ್ರೆ. ಗಂಡ ಫೀಲಿಮ್‌ಗೆ ವಾರಕ್ಕೆ ಮೂರು ಸಲ, ಮಂಗಳವಾರ, ಗುರುವಾರ, ಶನಿವಾರ ಬೆಳಿಗ್ಗೆ ಹತ್ತಕ್ಕೆ, ಆಸ್ಪತ್ರೆಯಲ್ಲಿ ಡಯಾಲಿಸಿಸ್. ಈಗ ಮೊದಲ ಬಸ್ಸು ಬರುವುದೇ ಹನ್ನೊಂದಕ್ಕೆ. ಎರಡು ವಾರ ಕಾರಿನಲ್ಲಿ ಬಿಟ್ಟುಬಂದ ಪಕ್ಕದ ಮನೆಯವನು ಈಚೆಗೆ ಮುಖ ತಪ್ಪಿಸುತ್ತಿದ್ದ. ಅವಳಿಗೆ ನಿಜಕ್ಕೂ ಹೆದರಿಕೆಯಾಗಿತ್ತು. ಹೆದರಿದಷ್ಟೂ ಅವಳ ಬಾಯಿ ಜೋರಾಗುತ್ತಿತ್ತು.

ಡಿಂಪ್ನಾ: ಮತ್ತೆ ನಿಮ್ ಕೈಲಿ ಏನಪ್ಪಾ ಇದೆ?

ಟ್ರೆವರ್: ಕಸದ ಡಬ್ಬಿ, ಈಜುಕೊಳ... ಸ್ಮಶಾನ.

ಡಿಂಪ್ನಾ: ನಾಲ್ಕು ಸಲ ಆಸ್ಪತ್ರೆ ತಪ್ಪಿದ್ರೆ ಫೀಲಿಮ್ ನಿಮ್ ಕೈಗೇ ಬರ್ತಾನೆ ಅನ್ನು. ಆಗ ಬಸ್ಸಿನ ತಾಪತ್ರಯಾನೇ ಇಲ್ಲ!

ಟ್ರೆವರ್ ಕೆಮ್ಮಿ, ಮಿರಮಿರ ಮಿಂಚುವ ಪುಸ್ತಕವೊಂದನ್ನು ಅವಳ ಮುಂದೆ ತಳ್ಳಿದ. ರಕ್ಷಾಪುಟದಲ್ಲಿ ಯಾರೋ ಸೈಕಲ್ ಮೇಲೆ ನಗುತ್ತಿದ್ದರು.

ಟ್ರೆವರ್: ಯೋಜನೇಲೇ ಇದೆ ನೋಡಿ. 2035ಕ್ಕೆ ಎಲ್ಲರೂ ಸುಲಭವಾಗಿ ಓಡಾಡ್ತಾರೆ.

ಡಿಂಪ್ನಾ: ಅಲ್ಲೀವರೆಗೂ ಸ್ವಲ್ಪ ತಡ್ಕೋ ಅಂತ ಅವನ ಕಿಡ್ನಿಗೆ ನೀನೇ ಬಂದು ಹೇಳು.

ಟ್ರೆವರ್: ಮಂಗಳವಾರ ಸಭೆ ಇದೆ. ಖಂಡಿತ ಪ್ರಸ್ತಾಪ ಮಾಡ್ತೀನಿ.

ಡಿಂಪ್ನಾ: ಎಲ್ಲಿ ಸಭೆ?

ಟ್ರೆವರ್: ಈ ಸಲ ಆಸ್ಪತ್ರೆಯವರ ಹಾಲ್‌ನಲ್ಲಿ. ಹತ್ತು ಗಂಟೆಗೆ.

ಡಿಂಪ್ನಾ: ಹೇಗೆ ಹೋಗ್ತೀಯ? ಬಸ್ಸಲ್ಲಾ?

ಟ್ರೆವರ್: ಆ ಹೊತ್ತಿಗೆ ಬಸ್ಸೆಲ್ಲಿದೆ! ಕೌನ್ಸಿಲ್ ಕಾರಿದೆ.

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ. ಡಿಂಪ್ನಾ ಆಗಲೇ ಎದ್ದು ಕೋಟಿನ ಗುಂಡಿ ಹಾಕಿಕೊಳ್ಳುತ್ತಿದ್ದಳು.

ಡಿಂಪ್ನಾ: ನಮ್ಮನೆ ನಿನ್ ದಾರೀಲೇ ಸಿಗುತ್ತೆ. ಒಂಬತ್ತೂ ಕಾಲಿಗೆ ಫೀಲಿಮ್ ಗೇಟಲ್ಲಿ ನಿಂತಿರ್ತಾನೆ.

ಟ್ರೆವರ್ ಒಂದು ಕ್ಷಣ ಪೆಚ್ಚಾದ. ಮರುಕ್ಷಣವೇ ಮುಖ ಅರಳಿತು. ಪೆನ್ನು ಕೈಗೆತ್ತಿಕೊಂಡ.

ಟ್ರೆವರ್: ಆಯ್ತು! 'ಸಹಭಾಗಿತ್ವದಿಂದ ಸಾರಿಗೆ ಸಮಸ್ಯೆ ಬಗೆಹರಿದಿದೆ' ಅಂತ ಈಗ್ಲೇ ವರದಿಗೆ ಹಾಕ್ತೀನಿ.

ಡಿಂಪ್ನಾ: ಹಾಕು ಮಗನೇ, ಹಾಕು. ಹಾಗೇ ಗುರುವಾರಕ್ಕೊಂದು, ಶನಿವಾರಕ್ಕೊಂದು ಸಭೆ ಕರೆದ್ಬಿಡು. ಅಲ್ಲೇ, ಹತ್ತು ಗಂಟೆಗೆ. ಪ್ರತಿ ವಾರ.